ಬೆನ್ನ ಹಿಂದಿನ ಉಸಿರು

"ಗುರುಗಳೇ, ನನ್ನ ಸಮಕ್ಕೆ ಬರುವವರು ಇಲ್ಲಿ ಯಾರೂ ಇಲ್ಲ. ನಾನೊಬ್ಬನೇ ಬೇರೆ ಕೂತು ಓದಿಕೊಂಡರೆ ತಪ್ಪೇನು?" ಎಂದು ಗುರುಕುಲದಲ್ಲಿ ಓದುತ್ತಿದ್ದ ಚಿದಾನಂದನು ಕೇಳಿದನು. ಪಕ್ಕದಲ್ಲಿ ಕೂರುತ್ತಿದ್ದ ನಾಗಲಿಂಗನು ಗಟ್ಟಿಯಾಗಿ ಓದುತ್ತಾನೆಂದು ಹಿಂದಿನ ದಿನವೇ ಅವನನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ್ದನು.

ಗುರುಗಳು ನಕ್ಕರು. "ತಪ್ಪೇನಿಲ್ಲ ಮಹಾರಾಯ. ಒಂದು ಕತೆ ಕೇಳಿ ಹೋಗು" ಎಂದರು.

ಒಬ್ಬ ಓಟಗಾರ್ತಿ ಇದ್ದಳು. ಮೈದಾನವನ್ನು ಎರಡು ಸುತ್ತು ಹಾಕುವ ಓಟ ಅವಳದು. ದೇಶದ ಶ್ರೇಯಾಂಕದಲ್ಲಿ ವರ್ಷಾನುಗಟ್ಟಲೆ ಎರಡನೆಯವಳಾಗಿದ್ದಳು. ಮೊದಲನೆಯವಳು ಇನ್ನೊಬ್ಬಳು. ರಾಷ್ಟ್ರೀಯ ದಾಖಲೆಯೂ ಆ ಇನ್ನೊಬ್ಬಳದೇ. ಪ್ರತಿ ಕ್ರೀಡಾಕೂಟದಲ್ಲೂ ನಮ್ಮವಳಿಗೆ ಕಂಡದ್ದು ಅವಳ ಬೆನ್ನು, ಬಿಗಿದು ಕಟ್ಟಿದ ಜಡೆ. ಎಷ್ಟು ಹಲ್ಲು ಕಚ್ಚಿ ಓಡಿದರೂ ಆ ಜಡೆಯನ್ನು ದಾಟಲು ಆಗಲಿಲ್ಲ.

ಒಂದು ವರ್ಷ ಜಡೆಯವಳ ಮೊಣಕಾಲು ಕೆಟ್ಟಿತು. ಅವಳು ಓಟ ಬಿಟ್ಟು ಊರಿಗೆ ಹೋದಳು. ನಮ್ಮವಳು ಮೊದಲನೆಯವಳಾದಳು. ಇನ್ನು ಉಳಿದದ್ದು ದಾಖಲೆಯೊಂದೇ. ಅದನ್ನೂ ಮುರಿದುಬಿಟ್ಟರೆ ಬದುಕು ಸಾರ್ಥಕ ಎಂದುಕೊಂಡಳು.

ಅಭ್ಯಾಸದಲ್ಲಿ ಒಬ್ಬ ಹುಡುಗಿ ಅವಳ ಬೆನ್ನಿಗೆ ಅಂಟಿಕೊಂಡೇ ಓಡುತ್ತಿದ್ದಳು. ಓಟದವರ ರೂಢಿಯೇ ಅದು. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಓಟ ಹಗುರ. ಹುಡುಗಿ ಬಾಯಿಂದ ಉಸಿರಾಡುತ್ತಿದ್ದಳು. ಆ ಸದ್ದು ಇವಳಿಗೆ ಕಿರಿಕಿರಿ. ತಾನು ಎಲ್ಲಿ ವೇಗ ಹೆಚ್ಚಿಸುತ್ತೇನೆಂಬ ಗುಟ್ಟನ್ನು ಕದಿಯುತ್ತಾಳೆಂಬ ಅನುಮಾನ ಬೇರೆ. ತರಬೇತುದಾರನಿಗೆ ಹೇಳಿ ತನಗೇ ಬೇರೆ ಹೊತ್ತು ಗೊತ್ತುಮಾಡಿಸಿಕೊಂಡಳು. ಮೊದಲನೆಯವಳ ಮಾತಿಗೆ ಯಾರು ಇಲ್ಲವೆನ್ನುತ್ತಾರೆ?

ಅಂದಿನಿಂದ ಅವಳು ಒಬ್ಬಳೇ ಓಡಿದಳು. ಕೂಟಗಳಲ್ಲೂ ಅಷ್ಟೆ, ಎರಡನೆಯವಳು ಬರುವ ಹೊತ್ತಿಗೆ ಇವಳು ಬೆವರು ಒರೆಸಿಕೊಂಡಾಗಿರುತ್ತಿತ್ತು. ಪದಕ ಬಂತು, ಶ್ರೇಯಾಂಕ ಉಳಿಯಿತು, ದಾಖಲೆ ಮಾತ್ರ ಜಗ್ಗಲಿಲ್ಲ. ವರ್ಷದಿಂದ ವರ್ಷಕ್ಕೆ ಓಟ ನಿಧಾನವಾಗುತ್ತ ಬಂತು. ಅವಳಿಗೆ ಅಳು ಬರುತ್ತಿತ್ತು. ಹೇಳಿಕೊಳ್ಳಲು ಮೈದಾನದಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಜಡೆಯವಳ ಊರು ಹುಡುಕಿಕೊಂಡು ಹೋದಳು.

"ಅಕ್ಕಾ, ನನ್ನ ಮುಂದಾದರೂ ನೀನಿದ್ದೆ. ನಿನ್ನ ಮುಂದೆ ಯಾರೂ ಇರಲಿಲ್ಲ. ದಾಖಲೆಯ ದಿನ ಅಷ್ಟು ಜೋರಾಗಿ ಹೇಗೆ ಓಡಿದೆ?"

"ಹಿಂದೆ ನೀನಿದ್ದೆಯಲ್ಲ ತಾಯಿ," ಎಂದಳು ಜಡೆಯವಳು. "ನಿನ್ನ ಉಸಿರು ಕಿವಿಗೆ ಬೀಳುತ್ತಿತ್ತು. ಎಲ್ಲಿ ದಾಟಿಬಿಡುತ್ತೀಯೋ ಎಂದು ಹೆದರಿ ಓಡಿದೆ. ನೀನಿಲ್ಲದಿದ್ದರೆ ನನಗೆಲ್ಲಿಯ ದಾಖಲೆ?"

ಓಟಗಾರ್ತಿ ಮರುದಿನವೇ ಮೈದಾನಕ್ಕೆ ಬಂದು ಆ ಹುಡುಗಿಯನ್ನು ವಿಚಾರಿಸಿದಳು. ಜೊತೆಗೆ ಓಡುವವರಿಲ್ಲದೆ ಹುಡುಗಿ ಓಟವನ್ನೇ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಎಲ್ಲಿಗೆ ಹೋದಳೆಂದು ಹೇಳುವವರೂ ಇರಲಿಲ್ಲ. ಓಟಗಾರ್ತಿ ಬೂಟಿನ ದಾರ ಕಟ್ಟಿಕೊಂಡು ಗೆರೆಯ ಮೇಲೆ ನಿಂತಳು. ಓಡುತ್ತ ಓಡುತ್ತ ಒಮ್ಮೆ ಹಿಂದಿರುಗಿ ನೋಡಿದಳು. ಖಾಲಿ ಮೈದಾನವಿತ್ತು.

ಚಿದಾನಂದನು, "ಪಾಪ, ಹುಡುಗಿ ಹೋಗುವ ದಿನವೇ ತಡೆದಿದ್ದರೆ ಆಗುತ್ತಿತ್ತು" ಎಂದನು.

ಗುರುಗಳು ಬಾಗಿಲ ಕಡೆ ನೋಡಿದರು. "ನಾಗಲಿಂಗ ಬೆಳಿಗ್ಗೆ ಗಂಟು ಕಟ್ಟಿಕೊಂಡು ಊರಿನ ದಾರಿ ಹಿಡಿದ, ಇನ್ನೂ ಹೊಳೆ ದಾಟಿರಲಾರ."