ತಿಪ್ಪಜ್ಜಿಯ ಸಂಚಿ ಕೋಳಿಯ ಕೊರಳಿಗೆ ಬಂದದ್ದು

ಲೋಕ ಇನ್ನೂ ಒಣಗಿರದ ಕಾಲ ಅದು. ಬೆಟ್ಟಗಳೆಲ್ಲ ಹಸಿ ಜೇಡಿಮಣ್ಣಾಗಿದ್ದವು, ಬೆರಳಿಟ್ಟರೆ ಗುರುತು ಉಳಿಯುತ್ತಿತ್ತು. ಮರವನ್ನು ಮೆಲ್ಲಗೆ ತಳ್ಳಿದರೆ ನಾಲ್ಕು ಹೆಜ್ಜೆ ಆಚೆ ಹೋಗಿ ನಿಲ್ಲುತ್ತಿತ್ತು. ಹಕ್ಕಿಗಳ ಮೈ ಕೂಡ ಹಾಗೇ ಮೆತ್ತಗಿತ್ತು. ಏನು ಅಂಟಿಸಿದರೂ ಅಂಟಿಕೊಳ್ಳುತ್ತಿತ್ತು.

ಆಗ ಒಂದೊಂದು ಜೀವವನ್ನು ಒಬ್ಬೊಬ್ಬರ ವಶಕ್ಕೆ ಕೊಟ್ಟಿದ್ದರು. ಮೀನು ಹೊಳೆಯ ಪಾಲಿಗೆ, ಜೇನು ಮರದ ಪಾಲಿಗೆ, ಇರುವೆ ಮಣ್ಣಿನ ಪಾಲಿಗೆ. ಏಳು ಕೋಳಿಗಳು ಗಾಳಿಯ ಪಾಲಿಗೆ ಬಂದವು. ಯಾರು ಕೊಟ್ಟರು ಎಂದು ನನ್ನನ್ನು ಕೇಳಬೇಡ ಮಗು. ಕೊಟ್ಟವರು ಒಂದಿಷ್ಟು ಯೋಚನೆ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗಾಳಿ ಕೆಟ್ಟವನಲ್ಲ. ಕೋಳಿಗಳೆಂದರೆ ಅವನಿಗೆ ಪ್ರಾಣ. ಬೋಳುಗುಡ್ಡದ ತಲೆಯ ಮೇಲೆ ಮುಳ್ಳಿನ ಬೇಲಿ ಕಟ್ಟಿ, ಒಳಗೆ ಅವನ್ನು ಬಿಟ್ಟು, ಒಂದೊಂದರ ಬೆನ್ನೂ ಸವರಿದ. ಆಮೇಲೆ, "ಇಲ್ಲೇ ಇರಿ, ಈಗ ಬಂದೆ" ಎಂದು ಹೇಳಿ ಹೊರಟ.

ಗಾಳಿಯ 'ಈಗ' ಎಂದರೆ ಎಷ್ಟು ಹೊತ್ತು ಗೊತ್ತೇ? ಅವನು ಸಮುದ್ರ ನೋಡಿದ. ಸಮುದ್ರದ ಆಚೆಯ ಹುಲ್ಲುಗಾವಲು ನೋಡಿದ. ಅಲ್ಲಿ ಮೋಡಗಳ ಜೊತೆ ಮಾತಿಗೆ ಕೂತ. ಇತ್ತ ಗುಡ್ಡದ ಮೇಲೆ ಕೋಳಿಗಳು ಇದ್ದ ನಾಲ್ಕು ಹುಲ್ಲನ್ನು ತಿಂದು ಮುಗಿಸಿದವು. ಇಬ್ಬನಿ ನೆಕ್ಕಿದವು. ಮಣ್ಣು ಕೆದಕಿದವು, ಮಣ್ಣಿನಲ್ಲಿ ಮಣ್ಣೇ ಇತ್ತು. ಎರಡು ಸಲ ಅವನು ಬಂದ. ಬಂದು, ಬೆನ್ನು ಸವರಿ, ಬಾಯಿಗೆ ಏನೂ ಕೊಡದೆ, "ಈಗ ಬಂದೆ" ಎಂದು ಮತ್ತೆ ಹೋದ. ಪ್ರೀತಿಯಿದ್ದರೆ ಸಾಕು ಹೊಟ್ಟೆ ತುಂಬುತ್ತದೆ ಎಂದು ತಿಳಿದವರು ಆ ಕಾಲದಲ್ಲೂ ಇದ್ದರು.

ಗುಡ್ಡದ ಬುಡದಲ್ಲಿ ಒಂದು ಹೊಳೆ. ಅದಕ್ಕೆ ಹರಿಯುವುದನ್ನಾದರೂ ನಿಲ್ಲಿಸಲು ಬರುತ್ತಿತ್ತು, ಮಾತು ನಿಲ್ಲಿಸಲು ಬರುತ್ತಿರಲಿಲ್ಲ. ಹೊಳೆಯ ದಡದಲ್ಲಿ ತಿಪ್ಪಜ್ಜಿಯ ಗುಡಿಸಲು. ತಿಪ್ಪಜ್ಜಿ ಸೂಲಗಿತ್ತಿ. ಹೆಂಗಸರ ಹೆರಿಗೆ, ಕುರಿಯ ಹೆರಿಗೆ, ಮೊಲದ ಹೆರಿಗೆ, ಎಲ್ಲಕ್ಕೂ ಅವಳೇ ಬೇಕು. ಅವಳ ಸೊಂಟದಲ್ಲಿ ಯಾವಾಗಲೂ ಒಂದು ಎಲೆಅಡಿಕೆ ಸಂಚಿ. ಕೆಂಪು ಬಟ್ಟೆಯದು, ಬಾಯಿಗೆ ದಾರ, ಒಳಗೆ ಐದು ಪುಟ್ಟ ಖಾನೆಗಳು. ತಿಪ್ಪಜ್ಜಿ ನೆರಳು ಬಿಟ್ಟು ಬೇಕಾದರೂ ಬರುತ್ತಾಳೆ, ಸಂಚಿ ಬಿಟ್ಟು ಬರುವುದಿಲ್ಲ ಎಂದು ಹೊಳೆ ಗೇಲಿ ಮಾಡುತ್ತಿತ್ತು.

ಒಂದು ದಿನ ಹೊಳೆ ಗೇಲಿ ಮಾಡಲಿಲ್ಲ.

"ತಿಪ್ಪವ್ವ, ಮ್ಯಾಲೆ ಕೋಳಿ ಕೂಗೋದು ನಿಂತೈತೆ. ಮೂರು ದಿನ ಆಯ್ತು" ಎಂದಿತು.

ತಿಪ್ಪಜ್ಜಿ ಮಂಕರಿ ತಲೆಗೇರಿಸಿಕೊಂಡು ಗುಡ್ಡ ಹತ್ತಿದಳು. ಬೇಲಿಯೊಳಗೆ ಏಳು ಕೋಳಿಗಳು ಒಂದಕ್ಕೊಂದು ಒರಗಿ ಕೂತಿದ್ದವು. ಗಾಳಿ ಸವರಿ ಸವರಿ ಬೆನ್ನಿನ ಗರಿಯೆಲ್ಲ ಹೋಗಿತ್ತು. ಜುಟ್ಟು ಬಿಳುಚಿತ್ತು. ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು. ಒಂದೊಂದನ್ನೇ ಎತ್ತಿ ಮಂಕರಿಯೊಳಗಿಟ್ಟು ತಲೆಯ ಮೇಲೆ ಹೊತ್ತಳು. ಏಳು ಕೋಳಿ ಹೊತ್ತರೂ ತಲೆಗೆ ಭಾರವೇ ತಿಳಿಯಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಗುಡಿಸಲಿಗೆ ಬಂದು ಒಲೆಯ ಪಕ್ಕ ಹುಲ್ಲು ಹಾಸಿದಳು. ಬೆಚ್ಚಗಿನ ಬೂದಿಯಲ್ಲಿ ಅವುಗಳ ಮೈ ತಿಕ್ಕಿ ಹೇನು ಉದುರಿಸಿದಳು. ರಾಗಿ ಅಂಬಲಿಯನ್ನು ತೆಳ್ಳಗೆ ಕಾಸಿ, ಬೆರಳಿಗೆ ಅದ್ದಿ, ಒಂದೊಂದರ ಕೊಕ್ಕಿಗೂ ಒಂದು ತೊಟ್ಟು ಬಿಟ್ಟಳು.

"ಅಜ್ಜಿ, ಇನ್ನೊಂದು" ಎಂದಿತು ಕೆಂಚಿ. ಏಳರಲ್ಲಿ ಅದೇ ಚಿಕ್ಕದು, ಅದೇ ಸೊರಗಿದ್ದು.

"ಬಿಸಿಲೇರಲಿ ತಾಯಿ."

ಬಿಸಿಲೇರಿದ ಮೇಲೆ ಒಂದು ತೊಟ್ಟು. ನೆರಳು ವಾಲಿದ ಮೇಲೆ ಒಂದು ತೊಟ್ಟು. ದೀಪ ಹಚ್ಚಿದ ಮೇಲೆ ಒಂದು ತೊಟ್ಟು. ಮರುದಿನ ಎರಡೆರಡು ತೊಟ್ಟು. ಅದರ ಮರುದಿನ ಮೂರು. ಕೋಳಿಗಳಿಗೆ ಸಿಟ್ಟು ಬಂತು.

"ಗಾಳಿಯಪ್ಪ ಏನೂ ಕೊಡ್ತಿರಲಿಲ್ಲ. ಈ ಅಜ್ಜಿ ತೋರಿಸಿ ತೋರಿಸಿ ಕೊಡಲ್ಲ" ಎಂದು ಬೂದಿಬಣ್ಣದ ಕೋಳಿ ಗೊಣಗಿತು.

"ಬೈಯ್ರವ್ವ, ಬೈಯ್ರಿ. ಬೈಯೋಕೂ ಶಕ್ತಿ ಬೇಕು. ಅಷ್ಟಾದ್ರೂ ಬಂತಲ್ಲ" ಎಂದು ತಿಪ್ಪಜ್ಜಿ ನಕ್ಕಳು.

ಹತ್ತು ದಿನವಾಗುವಾಗ ಕೋಳಿಗಳು ನಿಂತುಕೊಂಡವು. ಹನ್ನೆರಡನೆಯ ದಿನ ಅಂಗಳಕ್ಕೆ ಬಂದವು. ಕೆಂಚಿಯ ಬೆನ್ನಿನ ಮೇಲೆ ಒಂದು ಎಳೆ ಗರಿ ಮೂಡಿತು. ಹೊಳೆ ಅದನ್ನು ನೋಡಿ ಕೆಳಗಿನ ಊರುಗಳಿಗೆಲ್ಲ ಸುದ್ದಿ ಒಯ್ದಿತು.

ಹದಿಮೂರನೆಯ ದಿನ ಹೊಳೆಯ ಆಚೆ ದಡದಲ್ಲಿ ಯಾರಿಗೋ ಹೆರಿಗೆ ನೋವು ಎಂದು ತಿಪ್ಪಜ್ಜಿಗೆ ಕರೆ ಬಂತು. ಅವಳು ಹೋದಳು.

ಅದೇ ಹೊತ್ತಿಗೆ ಗಾಳಿ ಊರೂರು ಸುತ್ತಿ ಬಂದ. ಬೇಲಿಯೊಳಗೆ ಕೋಳಿಗಳಿಲ್ಲ. ಗುಡ್ಡವನ್ನು ಮೂರು ಸುತ್ತು ಹುಡುಕಿ, ಕೊನೆಗೆ ಹೊಳೆಯ ಹತ್ತಿರ ಬಂದು ಕೇಳಿದ.

"ಈಗ ಬಂದ್ಯೇನಪ್ಪ?" ಎಂದಿತು ಹೊಳೆ. "ನಿನ್ನ ಕೋಳಿ ತಿಪ್ಪವ್ವನ ಅಂಗಳದಾಗವೆ. ಹೋಗಿ ಅವುಗಳ ಎದೆ ಮೂಳೆ ಮುಟ್ಟಿ ನೋಡು."

ಗಾಳಿ ಹೋಗಿ ಮುಟ್ಟಿ ನೋಡಿದ. ಹನ್ನೆರಡು ದಿನದ ಅಂಬಲಿ ಕುಡಿದ ಮೇಲೂ ಮೂಳೆ ಮೂಳೆಯೇ ಆಗಿತ್ತು. ಅವನಿಗೆ ನಾಚಿಕೆಯಾಯಿತು, ಅಳು ಬಂತು. ನಾಚಿಕೆಯಾದವರು ಮಾಡುವುದನ್ನೇ ಅವನೂ ಮಾಡಿದ. ಕೊಡಬೇಕಾದ್ದನ್ನೆಲ್ಲ ಒಂದೇ ಸಲ ಕೊಡಲು ಹೊರಟ. ಹೊಲಗಳ ಮೇಲೆ ಹಾದು ನವಣೆ ತಂದ, ಸಜ್ಜೆ ತಂದ, ಜೋಳ ತಂದ. ಅಂಗಳದಲ್ಲಿ ಮೊಣಕಾಲುದ್ದ ರಾಶಿ ಸುರಿದ.

"ತಿನ್ನಿ ಮಕ್ಕಳಾ, ಎಲ್ಲ ನಿಮ್ದೇ" ಎಂದ.

ಆ ಕಾಲದ ಕೋಳಿಗೆ ಬಾಯಿಂದ ಹೊಟ್ಟೆಗೆ ನೇರ ದಾರಿ. ನುಂಗಿದ್ದು ದಡಕ್ಕನೆ ಕೆಳಗೆ ಬೀಳುತ್ತಿತ್ತು. ಕೋಳಿಗಳು ತಿಂದವು, ತಿಂದವು, ನಿಲ್ಲಿಸಲು ತಿಳಿಯದೆ ತಿಂದವು.

ಇಳಿಹೊತ್ತಿಗೆ ತಿಪ್ಪಜ್ಜಿ ಮರಳಿ ಬಂದಳು. ಬಿಳಿ ಕೋಳಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಬೈಯುತ್ತಿದ್ದ ಆ ಬೂದಿಬಣ್ಣದ್ದೂ ಸತ್ತಿತ್ತು. ನಾಲ್ಕು ಕೋಳಿಗಳು ಮೂಲೆಯಲ್ಲಿ ನರಳುತ್ತಿದ್ದವು. ಕೆಂಚಿ ಕಣ್ಣು ಮುಚ್ಚಿ ರಾಶಿಯ ಪಕ್ಕದಲ್ಲೇ ಮಲಗಿತ್ತು, ಹೊಟ್ಟೆ ಕಲ್ಲಾಗಿತ್ತು. ಗಾಳಿ ಗೋಡೆಗೆ ಒರಗಿ ಕೂತಿದ್ದ. ಇಡೀ ಊರಿನಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ತಿಪ್ಪಜ್ಜಿಗೆ ಕೋಪ ನೆತ್ತಿಗೇರಿತು. ಆದರೆ ಬೈಯಲು ಪುರುಸೊತ್ತಿರಲಿಲ್ಲ. ನಾಲ್ಕೂ ಕೋಳಿಗಳಿಗೆ ಹರಳೆಣ್ಣೆ ಕುಡಿಸಿದಳು. ಕೆಂಚಿಯನ್ನು ಮಡಿಲಿಗೆ ಹಾಕಿಕೊಂಡು, ಅದಕ್ಕೂ ಎರಡು ತೊಟ್ಟು ಬಿಟ್ಟು, ಬಾಣಂತಿಯ ಹೊಟ್ಟೆ ನೀವುವ ಹಾಗೆ ಬೆಚ್ಚಗಿನ ಕೈಯಲ್ಲಿ ನೀವಿದಳು. ನೀವುತ್ತಲೇ ಇದ್ದಳು. ಅವಳ ಕಣ್ಣೀರು ಕೆಂಚಿಯ ಆ ಒಂದೇ ಎಳೆ ಗರಿಯ ಮೇಲೆ ಬಿತ್ತು.

"ನಾನು ಕೊಟ್ಟಿದ್ದೇ ತಪ್ಪಾಯ್ತಾ ಅವ್ವ?" ಎಂದು ಗಾಳಿ ಕೇಳಿದ.

"ಕೊಟ್ಟಿದ್ದು ತಪ್ಪಲ್ಲ ಕಣಪ್ಪ. ಅತಿಯಾದ್ರೆ ಅಮೃತಾನೂ ವಿಷ. ಬಡಕಲಾದ ಜೀವಕ್ಕೆ ಅನ್ನ ಅಳೆದು ಹಾಕ್ಬೇಕು, ಕಾದು ಹಾಕ್ಬೇಕು. ನಿಂಗೆ ಕಾಯೋಕೆ ಬರಾಕಿಲ್ಲ."

ಹೊತ್ತು ಮುಳುಗುವ ಮುಂಚೆ ಕೆಂಚಿ ಒಂದು ಕಣ್ಣು ತೆರೆಯಿತು.

"ಯಾಕವ್ವ ಅಷ್ಟು ತಿಂದೆ? ಹೊಟ್ಟೆ ಸಾಕು ಅನ್ನಲಿಲ್ವಾ?" ಎಂದು ತಿಪ್ಪಜ್ಜಿ ಕೇಳಿದಳು.

"ಹೊಟ್ಟೆ ಸಾಕು ಅಂತು ಅಜ್ಜಿ" ಎಂದಿತು ಕೆಂಚಿ. "ಆದ್ರೆ ಕಾಳು ಕಂಡ್ರೆ ನಂಗೆ ಭಯ ಆಗುತ್ತೆ. ನಾಳೆ ಇರಲ್ವೇನೋ ಅಂತ. ನಾಳೇದೂ ಇವತ್ತೇ ನುಂಗ್ಬಿಟ್ರೆ ಯಾರೂ ಕಿತ್ಕೊಳ್ಳಲ್ಲ ಅಂತ."

ಅಂಬಲಿಯಿಂದ ಮೈ ತುಂಬಿಸಬಹುದು, ಬೂದಿಯಿಂದ ಹೇನು ಉದುರಿಸಬಹುದು. ಈ ಭಯಕ್ಕೆ ತಿಪ್ಪಜ್ಜಿಯ ಹತ್ತಿರ ಮದ್ದಿರಲಿಲ್ಲ. ಹೀಗೇ ಬಿಟ್ಟರೆ ಕೆಂಚಿ ಇಂದಲ್ಲ ನಾಳೆ, ಯಾವುದೋ ಒಂದು ಕಾಳಿನ ರಾಶಿಯ ಮುಂದೆ ಸಾಯುವುದು ಖಂಡಿತ.

ಯೋಚನೆ ಬಂದಾಗ ಅವಳ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಎಲೆ ತೆಗೆಯಲು ಸಂಚಿಯ ದಾರ ಸಡಿಲಿಸಿದಳು. ಅರ್ಧದಲ್ಲಿ ಕೈ ನಿಂತಿತು.

ತಾನೇಕೆ ದಿನದ ಎಲೆಯನ್ನೆಲ್ಲ ಬೆಳಗ್ಗೆಯೇ ಬಾಯಿಗೆ ತುರುಕಿಕೊಳ್ಳುವುದಿಲ್ಲ? ಸಂಚಿ ಸೊಂಟದಲ್ಲಿದೆ, ಅದಕ್ಕೆ. ಬೇಕಾದಾಗ ಸಿಗುತ್ತದೆ, ಅದಕ್ಕೆ.

ತಿಪ್ಪಜ್ಜಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವನ್ನೂ ನೆಲಕ್ಕೆ ಸುರಿದಳು. ಐದು ಖಾನೆಗಳ ಹೊಲಿಗೆ ಬಿಚ್ಚಲು ಹೋದರೆ ಅವಳ ಕಣ್ಣಿಗೆ ಎಳೆ ಕಾಣಲಿಲ್ಲ.

"ನಾನು ಬಿಚ್ತೀನಿ ಅವ್ವ" ಎಂದ ಗಾಳಿ. ಜನ್ಮದಲ್ಲಿ ಮೊದಲ ಸಲ ಅವನು ಒಂದು ಕೆಲಸವನ್ನು ನಿಧಾನವಾಗಿ ಮಾಡಿದ. ಒಂದು ಎಳೆ, ಇನ್ನೊಂದು ಎಳೆ, ಬಟ್ಟೆ ಹರಿಯದ ಹಾಗೆ. ಐದು ಪುಟ್ಟ ಚೀಲಗಳಾದವು, ಸಂಚಿಯ ದಾರವನ್ನು ತುಂಡು ಮಾಡಿ ತಿಪ್ಪಜ್ಜಿ ಒಂದೊಂದರ ಬಾಯಿಗೂ ಕಟ್ಟಿದಳು. ಉಳಿದದ್ದೂ ಐದೇ ಕೋಳಿ.

ಕೆಂಚಿಯ ಕೊರಳಿನ ಬುಡದಲ್ಲಿ ತಿಪ್ಪಜ್ಜಿ ಮೊದಲ ಚೀಲವಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಮೈ ಇನ್ನೂ ಹಸಿಮಣ್ಣಿನ ಹಾಗೆ ಮೆತ್ತಗಿತ್ತಲ್ಲ, ಚೀಲ ಒಳಗೆ ಸರಿದು ಕೂತಿತು. ಅದರ ದಾರವನ್ನು ಒಂದು ಕಾಳು ಇಳಿಯುವಷ್ಟೇ ಸಡಿಲ ಬಿಟ್ಟಳು. ಆಮೇಲೆ ಉಳಿದ ನಾಲ್ಕಕ್ಕೂ ಹಾಗೇ ಮಾಡಿದಳು.

"ಇನ್ಮೇಲೆ ತಿಂದಿದ್ದು ಮೊದಲು ಇಲ್ಲಿ ಇರ್ತೈತೆ. ಹೊಟ್ಟೆ ಕೇಳಿದಾಗ ಒಂದೊಂದೇ ಕಾಳು ಕೆಳಗೆ ಇಳೀತೈತೆ. ಇದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ ಮಗಾ. ನಿನ್ನ ಕೊರಳಾಗೇ ಐತೆ" ಎಂದಳು.

ನಾಲ್ಕು ದಿನ ಮತ್ತೆ ಅಂಬಲಿಯ ತೊಟ್ಟು. ಐದನೆಯ ದಿನ ಗಾಳಿ ಒಂದೇ ಒಂದು ಹಿಡಿ ನವಣೆ ತಂದು ಅಂಗಳದಲ್ಲಿ ಮೆಲ್ಲಗೆ ಉದುರಿಸಿದ. ಕೆಂಚಿ ಹೆದರುತ್ತಾ ಬಂತು. ಒಂದೊಂದೇ ಕಾಳು ಹೆಕ್ಕಿತು. ಕೊರಳ ಚೀಲ ಉಬ್ಬಿತು. ಕೆಂಚಿ ತಲೆ ಎತ್ತಿತು, ಉಳಿದ ಕಾಳನ್ನು ನೋಡಿತು, ಮತ್ತೆ ನೋಡಿತು.

"ಸಾಕು ಅಜ್ಜಿ" ಎಂದು ಹೇಳಿ, ನೆರಳಿಗೆ ಹೋಗಿ ಕೂತಿತು.

ತಿಪ್ಪಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಸಂತೋಷ ಅವಳಿಗೆ ಯಾವ ಹೆರಿಗೆಯಲ್ಲೂ ಆಗಿರಲಿಲ್ಲ.

ಇನ್ನೊಂದು ಮಾತು ಮರೆತಿದ್ದೆ. ಸಂಚಿ ಎಷ್ಟು ಕೊಡವಿದರೂ ಮೂಲೆಯಲ್ಲಿ ಒಂದಿಷ್ಟು ಸುಣ್ಣ ಅಂಟಿಕೊಂಡೇ ಇರುತ್ತದೆ. ಅದೂ ಕೋಳಿಗಳ ಒಳಗೆ ಹೋಯಿತು. ಅಲ್ಲಿಯವರೆಗೆ ಕೋಳಿಯ ಮೊಟ್ಟೆಗೆ ಬರೀ ತೊಗಲು, ಮುಟ್ಟಿದರೆ ಒಡೆಯುತ್ತಿತ್ತು. ಗರಿ ತುಂಬಿದ ಮೇಲೆ ಕೆಂಚಿ ಇಟ್ಟ ಮೊದಲ ಮೊಟ್ಟೆಗೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳನೆಯ ಗಟ್ಟಿ ಚಿಪ್ಪಿತ್ತು. ಅದರೊಳಗಿಂದ ಬಂದ ಮರಿಯ ಕೊರಳಲ್ಲೂ ಒಂದು ಪುಟ್ಟ ಚೀಲವಿತ್ತು. ಪಾಪ, ತಿಪ್ಪಜ್ಜಿ ಮಾತ್ರ ಎಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಡಿಕೆ ಎಲ್ಲಿ ಬಿತ್ತು ಎಂದು ದಿನಾ ಹುಡುಕುತ್ತಿದ್ದಳು.

ಗಾಳಿ ಒಂದು ದಿನ ಬಾಗಿಲ ಬಳಿ ನಿಂತು, "ಅವ್ವ, ಕೋಳೀನ ಕರ್ಕೊಂಡು ಹೋಗ್ಲಾ?" ಎಂದು ಕೇಳಿದ.

"ಇವು ಇಲ್ಲೇ ಇರ್ತವೆ. ನೀನು ಬಂದು ನೋಡ್ಕೊಂಡು ಹೋಗು. ನಿಧಾನಕ್ಕೆ ಬಾ" ಎಂದಳು ತಿಪ್ಪಜ್ಜಿ.

ಅವನು ಇಂದಿಗೂ ಬರುತ್ತಾನೆ. ಅಂಗಳದಲ್ಲಿ ಮೇಯುವ ಕೋಳಿಯ ಹಿಂದೆ ನಿಂತು, ಗರಿ ಎತ್ತಿ, ಮೈ ತುಂಬಿದೆಯೇ ಎಂದು ನೋಡಿ ಹೋಗುತ್ತಾನೆ.

ನೀನು ಸಂಜೆ ಕೋಳಿ ಗೂಡಿಗೆ ಹೋಗುವಾಗ ಅದರ ಕೊರಳಿನ ಬುಡವನ್ನು ಮೆಲ್ಲಗೆ ಮುಟ್ಟಿ ನೋಡು ಮಗು, ಕಾಳು ತುಂಬಿದ ಪುಟ್ಟ ಚೀಲವೊಂದು ಕೈಗೆ ಸಿಗುತ್ತದೆ. ಅದು ಇರುವುದರಿಂದಲೇ ಕೋಳಿ ನಾಳೆಗೆ ಹೆದರದೆ, ಇನ್ನೂ ಬೆಳಕಿರುವಾಗಲೇ, ನಿದ್ದೆ ಹೋಗುತ್ತದೆ.