ಒಂದು ಹನಿ ತೀರ್ಥ

ತಪ್ಪು ಮೌನೇಶನದೇ. ಬ್ಯಾಟರಿ ಕಟ್ಟುವ ಒಣಕೋಣೆಗೆ ಒದ್ದೆ ಕೈ ಕೂಡ ತರಬಾರದು. ಅವನು ತೀರ್ಥ ತಂದ.

ಆಯುಧಪೂಜೆಯ ಬೆಳಿಗ್ಗೆ. ಮಾವಿನೆಲೆಯಿಂದ ಯಂತ್ರಕ್ಕೆ ಚಿಮುಕಿಸಿದ. ಪಕ್ಕದಲ್ಲಿದ್ದ ಲಿಥಿಯಂ ದ್ರವದ ಬಾಟಲಿಗೆ ಒಂದು ಹನಿ ಬಿತ್ತು. ಅದೇ ದ್ರವವನ್ನು ಬ್ಯಾಟರಿಗೆ ತುಂಬಿದ.

ಸಂಜೆ ಕೆಲಸ ಕಲಿಸುವ ಗುರು ರಾಚಮ್ಮನ ಮುಂದೆ ನಿಂತು ಎಲ್ಲ ಹೇಳಿದ.

"ಆದ್ರ ಚಾರ್ಜ್ ಚಲೋ ಹಿಡದೈತ್ರಿ ಅಕ್ಕಾರ. ನಾಳೆ ಆಸ್ಪತ್ರಿಗೆ ಕೊಡಬಹುದಲ್ರೀ?"

ಆ ಬ್ಯಾಟರಿ ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ. ಕರೆಂಟು ಹೋದರೆ ಕೂಸಿಗೆ ಅದೊಂದೇ ಬಿಸಿ.

"ಪೂಜಿ ಯಾಕ ಮಾಡ್ದಿ?"

"ಕೂಸಿಗೆ ಒಳ್ಳೇದಾಗ್ಲಿ ಅಂತ್ರೀ."

"ದೇವರು ಕೇಳ್ಯಾನ. ಲಿಥಿಯಂ ಕೇಳಂಗಿಲ್ಲಪಾ."

ಮೌನೇಶ ತಲೆ ತಗ್ಗಿಸಿ ಬೆರಳು ಕೆರೆಯತೊಡಗಿದ. ಅಲ್ಲೊಂದು ಸುಟ್ಟ ಗಾಯ. ಹಕ್ಕಳೆ ಕಿತ್ತು ರಕ್ತ ಬಂತು.

ರಾಚಮ್ಮ ಅವನ ಕೈ ಹಿಡಿದಳು.

"ಮತ್ತ ಕಿತ್ತಿ?"

"ಕಿತ್ರ ಏನಾತ್ರೀ, ಮತ್ತ ಬರತೈತಿ."

"ಯಾರ ರಕ್ತದಾಗ?"

ಮೌನೇಶ ತನ್ನ ಬೆರಳಿನ ರಕ್ತ ನೋಡಿದ.

ರಾಚಮ್ಮ ಗಾಯ ತೊಳೆದಳು. ಬಟ್ಟೆ ಸುತ್ತುತ್ತ ಹೇಳಿದಳು:

"ಮೊದಲ ಚಾರ್ಜಿನಾಗ ಬ್ಯಾಟರಿ ಒಳಗಿನ ತಗಡಿನ ಮ್ಯಾಲೂ ಹಿಂಗ ತೆಳ್ಳನ ಪೊರಿ ಕಟ್ಟತೈತಿ. ಅದ ಅದರ ತೊಗಲು. ನೀರು ಬಿದ್ರ ದ್ರವದಾಗಿನ ಉಪ್ಪು ಕೆಟ್ಟು ಆಮ್ಲ ಆಗತೈತಿ. ಆಮ್ಲ ಆ ತೊಗಲು ಕೊರೀತೈತಿ."

"ಮತ್ತ ಕಟ್ಟಂಗಿಲ್ರೀ?"

"ಕಟ್ಟತೈತಿ. ತನ್ನ ಲಿಥಿಯಂ ತಾನ ತಿಂದು. ಪೊರಿ ದಪ್ಪ ಆಕ್ಕೈತಿ, ಬ್ಯಾಟರಿ ಸೊರಗತೈತಿ."

"ಇವತ್ತು ಚಲೋ ಐತಲ್ರೀ..."

"ಇವತ್ತು ಐತಿ. ಕೂಸಿಗೆ ಬೇಕಾಗೂದು ಯಾವತ್ತು, ನಿನಗ ಗೊತ್ತೈತೇನು?"

ಮೌನೇಶ ಬ್ಯಾಟರಿಯನ್ನು ತಾನೇ ಎತ್ತಿ ಕೆಟ್ಟವುಗಳ ಡಬ್ಬಿಗೆ ಇಟ್ಟ. ಬಾಟಲಿಯನ್ನೂ ತೆಗೆದಿಟ್ಟ. ಹೊಸದು ಕಟ್ಟಲು ಒಣಕೋಣೆಯತ್ತ ನಡೆದ. ಕಣ್ಣು ತುಂಬಿ ಹರಿಯುತ್ತಿತ್ತು.

ರಾಚಮ್ಮ ಬಾಗಿಲಲ್ಲಿ ತಡೆದಳು. ಸೆರಗಿನಿಂದ ಅವನ ಕೆನ್ನೆ ಒರೆಸಿದಳು.

"ಇದೂ ನೀರ, ಹುಚ್ಚಪ್ಪಾ. ಒಣಗಿಸ್ಕೊಂಡು ಹೋಗು."

ಮೌನೇಶ ನಕ್ಕುಬಿಟ್ಟ. ಮತ್ತೆ ಅಳುಕಿದ.

"ನಾಳೆ ನರ್ಸಬಾಯಿ ಬ್ಯಾಟರಿ ಒಯ್ಯಾಕ ಬಂದ್ರ ಏನನ್ಲಿರೀ?"

"ನೀರು ಬಿದ್ದಿತ್ತು, ಹೊಸದು ಕಟ್ಟಾಕತ್ತೀನಿ ಅನ್ನು."

"ಒಂದ ಹನಿ ಅಲ್ಲೇನು, ಕೊಟ್ಟಬಿಡು ಅಂದ್ರ?"

"ಒಂದ ಹನಿ ಅಂತ ಯಾರರ ಅನ್ಲಿ, ಬಿಡಬ್ಯಾಡ. ಆ ಹನಿ ಬೀಳೂದು ಯಾರ ತೊಗಲಿನ ಮ್ಯಾಲ ಅಂತ ಕೇಳು."