ಹೊರೆಗಲ್ಲಿನ ಓಬಯ್ಯ

ಬಹಳ ಹಿಂದೆ, ಈ ಹೆದ್ದಾರಿ ಇನ್ನೂ ಟಾರು ಕಾಣದ ಕಾಲದಲ್ಲಿ, ದಾರಿ ಪಕ್ಕದ ಒಂದು ಹಟ್ಟಿಯಲ್ಲಿ ಓಬಯ್ಯನೆಂಬ ಕಲ್ಲುಕುಟಿಗನಿದ್ದನಂತೆ. ಭಾರೀ ಆಳು, ಬಾಗದೆ ಯಾವ ಬಾಗಿಲನ್ನೂ ಹೊಕ್ಕವನಲ್ಲವಂತೆ. ಆಗ ದಾರಿ ತುಂಬ ನಡೆಯುವವರೇ. ಉಪ್ಪು ಹೊತ್ತವರು, ಕಂಬಳಿ ಹೊತ್ತವರು, ಮಡಕೆ ಹೊತ್ತವರು. ಮುಂಜಾವಿನ ಮಂಜಿನಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ, ಹೊರೆಗಳಷ್ಟೇ ತೇಲಿಹೋಗುತ್ತಿದ್ದವಂತೆ.

ತಲೆಹೊರೆ ಇಳಿಸಲು ಇನ್ನೊಬ್ಬರ ಕೈ ಬೇಕು. ಯಾರೂ ಸಿಗದಿದ್ದರೆ ಕತ್ತು ಮುರಿದರೂ ನಡೆಯಲೇಬೇಕು. ಅದನ್ನು ಕಂಡು ಮರುಗಿದ ಓಬಯ್ಯ ಹರದಾರಿಗೊಂದು ಹೊರೆಗಲ್ಲು ನಿಲ್ಲಿಸಿದನಂತೆ. ಎರಡು ಕಂಬ, ಮೇಲೊಂದು ಚಪ್ಪಡಿ. ಕಲ್ಲಿಗೆ ಒತ್ತಿ ನಿಂತು ಹೊರೆಯನ್ನು ಅದರ ಮೇಲೆ ಜಾರಿಸಿದರಾಯಿತು, ಯಾರ ಹಂಗೂ ಇಲ್ಲ. ಜನ ಹಾಡಿ ಹೊಗಳಿದರು, ಅವನೂ ಉಬ್ಬಿದ. ಆದರೆ ಪುಣ್ಯಾತ್ಮ ಎಲ್ಲ ಕಲ್ಲಿಗೂ ತನ್ನ ಹೆಗಲನ್ನೇ ಅಳತೆ ಹಿಡಿದಿದ್ದನಂತೆ.

ಒಂದು ಮಟಮಟ ಮಧ್ಯಾಹ್ನ ಅವನು ತನ್ನ ಕಲ್ಲುಗಳನ್ನು ನೋಡಿಕೊಂಡು ಬರುತ್ತಿದ್ದಾಗ, ಕುಂಬಾರರ ಕೆಂಚವ್ವ ಒಂದು ಕಲ್ಲಿನ ಕೆಳಗೆ ನಿಂತಿದ್ದಳಂತೆ. ಗಿಡ್ಡ ಹೆಂಗಸು, ತುಂಬಿದ ಬಸುರಿ, ತಲೆ ಮೇಲೆ ಮಡಕೆಯ ಹೊರೆ. ಕೆಡವಿದರೆ ಮಡಕೆ ಒಡೆದು ಮನೆಯಲ್ಲಿ ಒಲೆ ಹೊತ್ತದು. ನಡೆಯೋಣವೆಂದರೆ ಬೆಳಿಗ್ಗೆಯೇ ನೋವು ಶುರುವಾಗಿ ಕಾಲು ಏಳದು. ಇಲ್ಲೇಕೆ ನಿಂತೆ ತಾಯಿ ಎಂದು ಕೇಳಿದನಂತೆ ಓಬಯ್ಯ.

"ನಿನ್ ಕಲ್ಲು ದೇವ್ರಂಗೈತೆ ಕಣಪ್ಪಾ. ಕೈ ಮುಗೀಬೋದು, ಹೊರೆ ಇಳ್ಸಾಕಾಗಲ್ಲ."

ಅವನು ಹೊರೆ ಇಳಿಸಿದ. ಅದೇ ಕಲ್ಲಿನ ನೆರಳಿನಲ್ಲಿ ಕೂಸು ಹುಟ್ಟಿತು, ಅಳಲಿಲ್ಲ. ಅತ್ತವನು ಓಬಯ್ಯನೇ. ನಾನು ಯಾರನ್ನೂ ಒಂದು ಮಾತು ಕೇಳಲಿಲ್ಲವಲ್ಲ ಎಂದು ಮಣ್ಣಿಗೆ ಹಣೆ ಚಚ್ಚಿಕೊಂಡು ಅತ್ತನಂತೆ.

ಬಾಣಂತನ ಮುಗಿದ ಮೇಲೆ ಅವನು ಕೆಂಚವ್ವನ ಬಾಗಿಲಿಗೆ ಹೋಗಿ, ನಿನ್ನ ಅಳತೆ ಕೊಡು ತಾಯಿ ಎಂದು ಕೈಮುಗಿದು ನಿಂತನಂತೆ. ಅವಳು ಹೊರಬಂದು ಗೋಡೆಗೆ ಬೆನ್ನು ಕೊಟ್ಟಳು. ಅವಳ ಹೆಗಲಿನ ಮಟ್ಟಕ್ಕೆ ಒಂದು ಕೋಲು ಕತ್ತರಿಸಿಕೊಂಡು ಹೊರಟ. ಕಲ್ಲು ಕೀಳುವುದು, ಕಂಬ ಕಡಿಯುವುದು, ಮತ್ತೆ ನಿಲ್ಲಿಸುವುದು. ಹನ್ನೆರಡು ವರ್ಷ ಎನ್ನುವವರೂ ಇದ್ದಾರೆ, ಸಾಯುವ ತನಕ ಎನ್ನುವವರೂ ಇದ್ದಾರೆ. ಎದುರಿಗೆ ಬಂದ ಹೆಂಗಸರನ್ನೆಲ್ಲ ನಿಲ್ಲಿಸಿ, "ಎಟುಕ್ತೇನವ್ವಾ?" ಎಂದು ಕೇಳುತ್ತಿದ್ದನಂತೆ.

ಈಗ ಆ ದಾರಿಯಲ್ಲಿ ಹೊರೆ ಹೊತ್ತವರು ಯಾರೂ ಇಲ್ಲ. ಆದರೂ ಕೆಂಚವ್ವನ ಕಲ್ಲಿನ ಹತ್ತಿರ ನಮ್ಮೂರ ಬಸ್ಸು ನಿಲ್ಲುತ್ತದೆ. ಕಂಡಕ್ಟರು ಬಾಗಿಲಿನಿಂದ ಬಗ್ಗಿ, ಖಾಲಿ ರಸ್ತೆಗೆ, "ಎಟುಕ್ತೇನವ್ವಾ?" ಎಂದು ಕೇಳುತ್ತಾನೆ. ಒಂದು ಗಳಿಗೆ ಕಾಯುತ್ತಾನೆ, ಆಮೇಲೆ ಸೀಟಿ ಊದುತ್ತಾನೆ.